ಅಪ್ಪ ಬಿಟ್ಟ ಒಂದು ಫೌಲ್

ಮದುವೆಯ ಮರುದಿನ ಬಣ್ಣದ ನೀರಿನ ಕೊಡದಲ್ಲಿ ಉಂಗುರ ಹಾಕಿ ನನಗೂ ಗಂಡನಿಗೂ ಹುಡುಕಲು ಹೇಳಿದರು. ಉಂಗುರ ನನಗೇ ಸಿಕ್ಕಿತು. ನಮ್ಮ ಕಡೆಯ ಹೆಂಗಸರು ಕೇಕೆ ಹಾಕುವಷ್ಟರಲ್ಲಿ ಅಪ್ಪ ಬೀಗರ ನಡುವಿನಿಂದ ಎದ್ದು ಬಂದು, "ಆಕಿ ಎರಡೂ ಕೈ ಹಾಕ್ಯಾಳ. ಫೌಲ್. ಮತ್ತ ಆಡಸ್ರಿ," ಎಂದುಬಿಟ್ಟ. ಹೆಣ್ಣಿನ ತಂದೆಯೇ ಹೀಗೆಂದರೆ ಉಳಿದವರು ಏನು ಹೇಳಬೇಕು? ನನಗಂತೂ ಆ ಕೊಡದೊಳಗೇ ಮುಖ ಹಾಕಿಕೊಳ್ಳುವಂತಾಯಿತು.

ಅಪ್ಪ ಸಿಂಧನೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ರಜೆ ಬಂತೆಂದರೆ ವಾಲಿಬಾಲ್ ಅಂಪೈರ್. ಗೊರೇಬಾಳವಿರಲಿ, ಲಿಂಗಸುಗೂರಿರಲಿ, ಪಂದ್ಯವಿದ್ದ ಊರಿನವರು ಬೈಕ್ ತಂದು ಕರೆದೊಯ್ಯುತ್ತಿದ್ದರು. ಉಗುರಿನಲ್ಲಿ ಗ್ರೀಸ್ ಹಾಗೇ ಇರುತ್ತಿತ್ತು, ಅಂಗಿ ಮಾತ್ರ ಇಸ್ತ್ರಿ ಮಾಡಿದ ಬಿಳಿಯದು. ಮೇಜಿನ ಮೇಲೆ ಕುರ್ಚಿ ಇಟ್ಟು ಕೂರುತ್ತಿದ್ದ. ಬಹುಮಾನ ಕೊಡುವ ಸಾಹುಕಾರನ ಮಗನೇ ನೆಟ್ ಮುಟ್ಟಿ ಫೌಲ್ ಮಾಡಿದರೂ ಸೀಟಿ ಊದುತ್ತಿದ್ದ. ಜಗಳಕ್ಕೆ ಬಂದವರಿಗೆ ಒಂದೇ ಮಾತು: "ಕಂಡಿಲ್ಲಂದ್ರ ಊದಂಗಿಲ್ಲ, ಕಂಡ್ರ ಬಿಡಂಗಿಲ್ಲ. ಇದ್ರಾಗ ಸಿಟ್ಟ್ಯಾಕ ಮಾಡ್ತೀರಿ?"

ನನ್ನನ್ನು ಕೊಟ್ಟದ್ದು ಮಸ್ಕಿಗೆ. ಗಂಡ ಅಲ್ಲಿನ ತಂಡದಲ್ಲಿ ಆಡುತ್ತಿದ್ದ. ಮದುವೆಯಾದ ವರ್ಷವೇ ತಾಲೂಕು ಪಂದ್ಯಾವಳಿಯ ಫೈನಲ್ಲಿನಲ್ಲಿ ಅಪ್ಪ ಅವನ ಮೇಲೆ ಸೀಟಿ ಊದಿದ್ದರಿಂದ ಮಸ್ಕಿ ಸೋತಿತು. ಅಂದಿನಿಂದ ತಿಂಗಳುಗಟ್ಟಲೆ, ಊಟಕ್ಕೆ ಕೂತಾಗೆಲ್ಲ ಅತ್ತೆ, "ನಿಮ್ಮಪ್ಪ ನಮ್ಮ ಮಾನ ಕಳದ," ಎಂದು ಚುಚ್ಚುವಳು. ಗಂಡ ನನ್ನ ಜೊತೆ ಮಾತೇ ಬಿಟ್ಟ. ತವರಿಗೆ ಹೋದಾಗ ನಾನು ಅಪ್ಪನ ಮುಂದೆ ಕಣ್ಣೀರು ಹಾಕಿದೆ.

"ಯವ್ವಾ, ಅವ ನೆಟ್ ಮುಟ್ಟಿದ್ದ," ಎಂದ ಅಪ್ಪ.

"ಮುಟ್ಟಿದ್ರ ಮುಟ್ಟಲಿ ಬಿಡು. ನಾ ಆ ಮನ್ಯಾಗ ಬಾಳೇವು ಮಾಡಬೇಕೋ ಬ್ಯಾಡೋ?"

ಅಪ್ಪ ಎದ್ದು ಡಿಪೋಗೆ ಹೊರಟುಹೋದ.

ಮರುವರ್ಷದ ಫೈನಲ್ ಮಸ್ಕಿಗೂ ಸಿಂಧನೂರು ಹತ್ತಿರದ ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗರಿಗೂ ಬಿತ್ತು. ಅಂಪೈರ್ ಅಪ್ಪನೇ. ಕೊನೆಯ ಪಾಯಿಂಟಿಗೆ ಗಂಡ ಹಾರಿ ಹೊಡೆದ. ಅವನ ಮೊಣಕೈ ಬಡಿದು ನೆಟ್ ಅಲುಗಾಡಿದ್ದು ಹೆಂಗಸರ ಸಾಲಿನಲ್ಲಿದ್ದ ನನಗೂ ಕಂಡಿತು. ಅಪ್ಪ ನನ್ನ ಕಡೆ ನೋಡಿದ. ಸೀಟಿ ಬಾಯಲ್ಲೇ ಇತ್ತು, ಊದಲಿಲ್ಲ. ಪಾಯಿಂಟ್ ಮಸ್ಕಿಗೆ ಕೊಟ್ಟ.

ಕ್ಯಾಂಪಿನ ಹುಡುಗರು ಸಿಟ್ಟಿನಿಂದ ಮೇಜು ಸುತ್ತುವರಿದರು. ಅವರ ನಾಯಕ ಶ್ಯಾಮಲ್ ಒಬ್ಬೊಬ್ಬರನ್ನೂ ಹಿಂದೆ ಎಳೆದ. "ಸರೀರಿ ಹಿಂದಕ್ಕ. ಸರ್ ಊದಿಲ್ಲಂದ್ರ ಅವ ಮುಟ್ಟಿಲ್ಲ. ಬ್ಯಾರೆ ಯಾರರ ಇದ್ದಿದ್ರ ನಾನೂ ಜಗಳಾ ತೆಗೀತಿದ್ದೆ."

ಆಮೇಲೆ ಬಂದು ಅಪ್ಪನ ಕೈ ಕುಲುಕಿದ. ಅಪ್ಪ ಕೈ ಕೊಟ್ಟ, ಮುಖ ಎತ್ತಲಿಲ್ಲ. ನಾಚಿಕೆಯಿಂದ ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. ಆ ರಾತ್ರಿ ಅತ್ತೆ ಅಪ್ಪನನ್ನು ಮನೆಗೆ ಕರೆಸಿ ತಾನೇ ನಿಂತು ಹೋಳಿಗೆ ಬಡಿಸಿದಳು. ಅಪ್ಪ ಅರ್ಧಕ್ಕೇ ಎದ್ದ. ಕೈತೊಳೆಯಲು ನೀರು ಕೊಡಲು ಹೋದರೆ, "ನೀ ಆರಾಮ ಇರು ಯವ್ವಾ, ಸಾಕು," ಎಂದ. ಬೈದಿದ್ದರೆ ಚೆನ್ನಾಗಿತ್ತು.

ಅದಾದ ಮೇಲೆ ಅಪ್ಪ ಅಂಪೈರ್ ಆಗಲಿಲ್ಲ. ಕರೆಯಲು ಬಂದವರಿಗೆಲ್ಲ, "ಕಣ್ಣು ಮಂಜ ಆಗ್ಯಾವ್ರಿ, ನೆಟ್ ಕಾಣಂಗಿಲ್ಲ," ಎನ್ನುತ್ತಿದ್ದ. ಎರಡು ಸಲ ಬಂದ ಶ್ಯಾಮಲನಿಗೂ ಅದೇ ಉತ್ತರ. ಡಿಪೋದಲ್ಲಿ ಮಾತ್ರ ಎಂಜಿನ್ನಿನ ಸಣ್ಣ ಸ್ಕ್ರೂಗಳನ್ನೂ ಕನ್ನಡಕವಿಲ್ಲದೆ ಬಿಗಿಯುತ್ತಿದ್ದ.

ಹೋದ ವರ್ಷ ಅಪ್ಪ ತೀರಿಕೊಂಡ. ಮಾತಾಡಿಸಲು ಬಂದ ಶ್ಯಾಮಲ್ ಚಾಪೆಯ ಮೇಲೆ ನನ್ನ ಗಂಡನ ಪಕ್ಕದಲ್ಲೇ ಕೂತ. "ಎಷ್ಟೋ ಕಡೆ ಸೋತೀವ್ರಿ. ಸರ್ ಕೂತಲ್ಲಿ ಸೋತಿದ್ದಕ್ಕ ಮಾತ್ರ ಬ್ಯಾಸರಿಲ್ಲ," ಎಂದು ಕಣ್ಣೊರೆಸಿಕೊಂಡ. ಗಂಡ ನೆಲ ನೋಡುತ್ತಿದ್ದ. ನಾನು ಚಹಾ ಕೊಟ್ಟೆ.

"ಅಕ್ಕಾರ, ಸರ್ ಕಣ್ಣು ಕಡೀಕೂ ಸುಧಾರಸಲಿಲ್ಲೇನ್ರಿ?" ಎಂದು ಕೇಳಿದ.

"ಇಲ್ರಿ," ಎಂದೆ.