ಕೇಬಲ್ ಕಾರಿನಿಂದ ಎರಡು ನಿಮಿಷ

ಆ ಕೆಲಸಕ್ಕೆ ಸೇರುವಾಗ ಹಿಮ ನೋಡಿದ್ದೀರಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಕೇಳದೇ ಇದ್ದುದರಿಂದ ಏಳು ಚಳಿಗಾಲ ಅದೇ ಕುರ್ಚಿಯಲ್ಲಿ ಕಳೆದೆ. ಪ್ರತಿ ಚಳಿಗಾಲವೂ, ಈ ಸಲ ಯಾರಾದರೂ ಕೇಳಿಯೇ ಕೇಳುತ್ತಾರೆ ಎಂಬ ಹೆದರಿಕೆ.

ನಮ್ಮ ಪ್ರವಾಸ ಕಂಪನಿಯ ಕಚೇರಿ ಇದ್ದದ್ದು ದುಬೈಯ ಅಲ್ ಕೂಜ್‌ನಲ್ಲಿ, ಟಯರು ಗೋದಾಮಿನ ಮೇಲಿನ ಮಹಡಿಯಲ್ಲಿ. ದುಬೈ, ಅಬುಧಾಬಿಯ ಅನುಕೂಲಸ್ಥರನ್ನು ಯುರೋಪಿನ ಬೆಟ್ಟಗಳಿಗೆ ಸ್ಕೀ ಆಡಲು ಕಳಿಸುವುದು ನಮ್ಮ ವ್ಯವಹಾರ. ವಿಮಾನ, ವೀಸಾ, ಹೋಟೆಲು ಬೇರೆಯವರ ಪಾಲು. ನನ್ನ ಪಾಲಿಗೆ ಬಂದದ್ದು ಊಟ. ಬೆಟ್ಟದ ಮೇಲೆ ಇಳಿಜಾರುಗಳ ನಡುನಡುವೆ ಇರುವ ರೆಸ್ಟೋರೆಂಟುಗಳಲ್ಲಿ ಯಾವುದು ಒಳ್ಳೆಯದು, ಸಂಜೆ ಸ್ಕೀ ಕಳಚಿಟ್ಟ ಮೇಲೆ ಯಾವ ಬಾರಿನಲ್ಲಿ ಕೂರಬಹುದು ಎಂದು ಪಟ್ಟಿ ಮಾಡುವುದು. ನಾನು ಉಡುಪಿಯವನು, ಮೊಟ್ಟೆಯನ್ನೂ ತಿನ್ನದವನು, ಬಾರಿನೊಳಗೆ ಸೋಡಾ ದಾಟಿ ಮುಂದೆ ಹೋಗದವನು. ಪಟ್ಟಿಯ ತಲೆಯ ಮೇಲೆ ಮಾತ್ರ ‘ನಮ್ಮ ತಜ್ಞರು ಖುದ್ದಾಗಿ ಹೋಗಿ ನೋಡಿದ ಜಾಗಗಳು’ ಎಂದು ಅಚ್ಚಾಗಿರುತ್ತಿತ್ತು. ಆ ತಜ್ಞ ನಾನು. ಅವನನ್ನು ಕನ್ನಡಿಯಲ್ಲಿ ನೋಡಿದಾಗೆಲ್ಲ ನನಗೆ ಸಂಶಯ ಬರುತ್ತಿತ್ತು.

ಹಾಗಂತ ಬಾಯಿಗೆ ಬಂದದ್ದು ಬರೆಯುತ್ತಿರಲಿಲ್ಲ. ನನಗೊಂದು ಪದ್ಧತಿ ಇತ್ತು. ಡಿಗ್ರಿ ಮುಗಿಸಿ ಎರಡು ವರ್ಷ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದೆ. ಮಧ್ಯಾಹ್ನ ಹನ್ನೆರಡೂವರೆಗೆ ಫೋನು ಬಂದರೆ ಮಾವ ‘ಮತ್ತೆ ಮಾಡಿ’ ಎಂದು ಕುಕ್ಕಿಬಿಡುತ್ತಿದ್ದರು. ಎದುರಿನ ಹೋಟೆಲಿನವರು ಅದೇ ಹೊತ್ತಿಗೆ ನಿಧಾನಕ್ಕೆ ಫೋನೆತ್ತಿ ಮನೆಮಂದಿಯ ಆರೋಗ್ಯವನ್ನೆಲ್ಲ ವಿಚಾರಿಸುತ್ತಿದ್ದರು. ಅವರದು ಆ ಮಳೆಗಾಲಕ್ಕೆ ಮುಚ್ಚಿತು. ಆ ಪಾಠವನ್ನೇ ನಾನು ಯುರೋಪಿನ ಬೆಟ್ಟ ಹತ್ತಿಸಿದ್ದೆ. ನಮ್ಮ ಮೂರೂವರೆ ಅಂದರೆ ಅಲ್ಲಿಯ ಹನ್ನೆರಡೂವರೆ. ಕೆಳಗೆ ಟಯರಿನವರು ತೂಕಡಿಸುವ ಹೊತ್ತಿಗೆ ನಾನು ಒಂದೊಂದೇ ನಂಬರು ಒತ್ತುತ್ತಿದ್ದೆ. ತಟ್ಟೆ ಚಮಚಗಳ ಗದ್ದಲ, ಹಿಂದಿನಿಂದ ಯಾರದೋ ಕೂಗು, ಒಂದು ಬೈಗುಳ, ಟಪ್ ಎಂದು ಕಟ್ ಆದರೆ ಮೂರು ನಕ್ಷತ್ರ. ಸೌಜನ್ಯದಿಂದ ಮಾತಾಡಿದವರಿಗೆ ಒಂದು. ಬಾರುಗಳಿಗೂ ಇದೇ ಪರೀಕ್ಷೆ, ಸಂಜೆಯ ಹೊತ್ತಿಗೆ. ಪಾಪ, ಒಳ್ಳೆಯ ಮಾತಾಡಿ ನನ್ನಿಂದ ಕೆಟ್ಟುಹೋದವರು ಎಷ್ಟು ಮಂದಿಯೋ. ಆದರೆ ಹೋಗಿ ಬಂದವರು ಊಟ ಚೆನ್ನಾಗಿತ್ತು ಎಂದೇ ಹೇಳುತ್ತಿದ್ದರು. ಅದರಿಂದ ನನಗೆ ಧೈರ್ಯ ಬರಬೇಕಿತ್ತು, ಬಂದದ್ದು ಭಯ.

ಹಾಗೆ ಹೇಳುವವರಲ್ಲಿ ಮೊದಲಿಗರು ಒಬ್ಬ ಬ್ಯಾರಿ ಸಾಹೇಬರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ ಅವರ ಪೈಪು ಗೋದಾಮು. ನಾಲ್ಕು ವರ್ಷದಿಂದ, ಮಕ್ಕಳ ಶಾಲೆಗೆ ರಜೆ ಸಿಕ್ಕ ಕೂಡಲೇ ತಮ್ಮಂದಿರ ಸಂಸಾರವೂ ಸೇರಿ ಹನ್ನೊಂದು ಜನ ಸ್ಕೀಗೆ ಹೊರಡುತ್ತಿದ್ದರು. ಹಂದಿಮಾಂಸ ಬೇಯಿಸಿದ ಬಾಣಲೆ ಬೇರೆ ಇಡುತ್ತಾರಾ, ಸಾಸಿಗೆ ವೈನ್ ಹಾಕುತ್ತಾರಾ ಎಂದು ಕೇಳಲು ನನಗೆ ಕಲಿಸಿದವರೇ ಅವರು. ನನ್ನ ಬಾರಿನ ಪಟ್ಟಿಯನ್ನೂ ಬಿಡದೆ ಓದುತ್ತಿದ್ದರು.

“ನಿಮಗೆ ಅದು ಎಂತಕ್ಕೆ ಸಾಹೇಬ್ರೆ?” ಎಂದು ಒಮ್ಮೆ ಕೇಳಿದ್ದೆ.

“ಎಲ್ಲಿಗೆ ಹೋಗ್ಬಾರ್ದು ಅಂತ ಗೊತ್ತಾಗ್ಲಿಕ್ಕೆ ಮಾರಾಯ್ರೆ. ನೀವು ಮೂರು ಸ್ಟಾರ್ ಕೊಟ್ಟ ಬೀದಿಗೆ ನಾನು ಮಕ್ಕಳನ್ನು ಬಿಡುದೇ ಇಲ್ಲ.”

ಐದನೆಯ ವರ್ಷ, ಹೊರಡಲು ಹತ್ತು ದಿನ ಇರುವಾಗ ಅವರ ಫೋನು ಬಂತು. ಹಿಂದಿನ ವರ್ಷ ಅವರ ತಾಯಿಯೂ ಹೋಗಿದ್ದರು. ಎಲ್ಲರೂ ಬೆಳಿಗ್ಗೆ ಮೇಲೆ ಹೋದರೆ ಸಂಜೆ ಬರುವುದು. ಉಮ್ಮ ಆರು ದಿನವೂ ಹೋಟೆಲಿನ ಕೋಣೆಯಲ್ಲಿ ಒಬ್ಬರೇ. ಈ ಸಲ ಅವರದು ಒಂದೇ ಹಠ: ಒಂದು ದಿನವಾದರೂ ಬೆಟ್ಟದ ಮೇಲೆ ಎಲ್ಲರೊಟ್ಟಿಗೆ ಕೂತು ಮಧ್ಯಾಹ್ನದ ಊಟ ಮಾಡಬೇಕು, ಇಲ್ಲದಿದ್ದರೆ ನಾನು ಬರುವುದೇ ಇಲ್ಲ.

“ಉಮ್ಮನ ಮೊಣಕಾಲು ನಿಮಗೆ ಗೊತ್ತುಂಟಲ್ಲ,” ಎಂದರು ಸಾಹೇಬರು. “ನಿಮ್ಮ ಪಟ್ಟಿಯಲ್ಲಿ ಒಂದು ಉಂಟು. ಕೇಬಲ್ ಕಾರಿನಿಂದ ಎರಡೇ ನಿಮಿಷ ಅಂತ ಬರ್ದಿದ್ದೀರಿ. ಅದಕ್ಕೇ ಬುಕ್ ಮಾಡಿ. ನೀವು ನೋಡಿದ ಜಾಗ ಅಲ್ವಾ, ನನಗೆ ಧೈರ್ಯ.”

ಅವರ ವೆಬ್‌ಸೈಟಿನಲ್ಲಿ ಬುಕ್ ಮಾಡಿದೆ. ಆ ‘ಎರಡು ನಿಮಿಷ’ ಎಲ್ಲಿಂದ ಬಂತು ಎಂದು ಆಮೇಲೆ ನೆನಪಿಸಿಕೊಂಡೆ. ಎರಡು ವರ್ಷದ ಹಿಂದೆ ಯಾರೋ ಒಬ್ಬ, ನನ್ನನ್ನು ಬೈದು ಫೋನ್ ಕುಕ್ಕುವ ಮೊದಲು, ‘ಲಿಫ್ಟಿನಿಂದ ಎರಡು ನಿಮಿಷ’ ಎಂದಿದ್ದ. ಯಾರಿಗೆ ಎರಡು ನಿಮಿಷ? ಅವನಿಗೋ? ಸ್ಕೀ ಮೇಲೋ? ಮಂಜುಗಡ್ಡೆಯ ಮೇಲೆ ಎಪ್ಪತ್ತು ದಾಟಿದ ಹೆಂಗಸು, ಒಂದು ಕೈಯಲ್ಲಿ ಕೋಲು. ನನ್ನ ತಲೆ ಇಂಥದ್ದಕ್ಕೆ ಯಾವಾಗಲೂ ಬಿಡುವಾಗಿರುತ್ತದೆ. ಹಲ್ಲುಜ್ಜುವಾಗ ಅವರು ಜಾರುತ್ತಿದ್ದರು, ಶೇಖ್ ಜಾಯೆದ್ ರಸ್ತೆಯ ಟ್ರಾಫಿಕ್ಕಿನಲ್ಲಿ ಜಾರುತ್ತಿದ್ದರು, ಟಿಫಿನ್ ಡಬ್ಬಿ ತೆರೆದರೆ ಮೊಸರನ್ನದ ಮೇಲೂ ಜಾರುತ್ತಿದ್ದರು.

“ಒಂದು ಫೋನ್ ಮಾಡಿ ಕೇಳಿದ್ರೆ ಆಯ್ತಲ್ಲ?” ಎಂದಳು ಹೆಂಡತಿ.

ಮಾಡಿದೆ, ಅಭ್ಯಾಸದಂತೆ ಮೂರೂವರೆಗೆ. ಗದ್ದಲ, ಬೈಗುಳ, ಟಪ್. ಮೂರು ನಕ್ಷತ್ರದ ಜಾಗವೇ. ಮರುದಿನವೂ ಅದೇ.

ಸಾಹೇಬರ ವಿಮಾನ ಗುರುವಾರ. ಅದರ ಹಿಂದಿನ ಶನಿವಾರ, ನಲವತ್ತೆಂಟನೆಯ ವಯಸ್ಸಿನಲ್ಲಿ, ಮಗಳನ್ನು ಕರೆದುಕೊಂಡು ನಾನು ಹಿಮ ನೋಡಲು ಹೊರಟೆ. ಮಾಲಿನೊಳಗೆ ಒಂದು ಸ್ಕೀ ಇಳಿಜಾರಿದೆಯಲ್ಲ, ಅದರ ಅರ್ಧ ಎತ್ತರದಲ್ಲಿ ಒಂದು ಕೆಫೆ. ತೂಗು ಕುರ್ಚಿಯಂಥ ಲಿಫ್ಟಿನಲ್ಲಿ ಕೂತು ಹೋಗಿ ಇಳಿಯುವುದು. ಬಾಡಿಗೆ ಜಾಕೆಟ್ಟು ನನ್ನ ಹೊಟ್ಟೆಯ ಮೇಲೆ ಮುಚ್ಚಲಿಲ್ಲ. ಬಾಡಿಗೆ ಬೂಟಿನೊಳಗೆ ನನಗಿಂತ ಮುಂಚೆ ಹಾಕಿದವನ ಚಳಿ ಇನ್ನೂ ಇತ್ತು. ಲಿಫ್ಟು ಇಳಿದು ಕೆಫೆಯ ಬಾಗಿಲಿಗೆ ನಾಲ್ಕು ಮಾರು ದೂರವಿರಬಹುದು. ಗಡಿಯಾರ ನೋಡಿಕೊಂಡು ಹೊರಟೆ. ಮೂರನೆಯ ಹೆಜ್ಜೆಗೆ ಎಡಗಾಲು ನನ್ನನ್ನು ಕೇಳದೆ ಹೊರಟುಹೋಯಿತು. ಕೂತುಬಿಟ್ಟೆ. ಏಳಲು ಹೋದರೆ ಬಲಗಾಲೂ ಅದರ ಹಿಂದೆ ಹೊರಟಿತು.

“ಅಪ್ಪಾ, ಗೆಟ್ ಅಪ್, ಎವ್ರಿವನ್ ಈಸ್ ಲುಕಿಂಗ್,” ಎಂದಳು ಮಗಳು.

“ನೋಡ್ಲಿ ಮಾರಾಯ್ತಿ. ಎಷ್ಟು ನಿಮಿಷ ಆಯ್ತು ಹೇಳು.”

“ಸಿಕ್ಸ್.”

ಕೊನೆಗೆ ಕೆಫೆಯೊಳಗೆ ಗಾಜಿನ ಪಕ್ಕ ಕೂತು ಬಿಸಿ ಚಾಕಲೇಟ್ ಕುಡಿದೆವು. ನನ್ನ ಜನ್ಮದಲ್ಲಿ ನಾನು ಕಾಲಿಟ್ಟ ಮೊದಲ ಬೆಟ್ಟದ ರೆಸ್ಟೋರೆಂಟು ಅದು. ನಕ್ಷತ್ರ ಎಷ್ಟು ಕೊಡಬಹುದೆಂದು ಯೋಚಿಸುವಷ್ಟೂ ತ್ರಾಣ ಉಳಿದಿರಲಿಲ್ಲ. ಪ್ಯಾಂಟಿನ ಹಿಂಭಾಗ ಒದ್ದೆ. ಹೇಳಿಬಿಡಬೇಕು ಎಂದು ಅಲ್ಲೇ ಅನ್ನಿಸಿತು. ಹೇಳಿದರೆ ಗಿರಾಕಿ ಹೋದರು, ಗಿರಾಕಿ ಹೋದರೆ ಮ್ಯಾನೇಜರು ಕರೆಸುತ್ತಾನೆ, ಕೆಲಸ ಹೋದರೆ ವೀಸಾ ಹೋಯಿತು, ಮಗಳ ಶಾಲೆ ಹೋಯಿತು. ಒಂದು ಲೋಟ ಚಾಕಲೇಟ್ ಮುಗಿಯುವುದರೊಳಗೆ ನಾನು ಸಾಮಾನು ಕಟ್ಟಿ ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದಿದ್ದೆ.

ಆದಿತ್ಯವಾರ ಮಧ್ಯಾಹ್ನ ಅವರ ಗೋದಾಮಿಗೆ ಹೋದೆ. ಕಚೇರಿ ಕೋಣೆಯ ಸೋಫಾದಲ್ಲಿ ಉಮ್ಮ ಕೂತಿದ್ದರು, ಪಕ್ಕದಲ್ಲಿ ಚಹಾದ ಫ್ಲಾಸ್ಕು. ಫ್ಲ್ಯಾಟಿನಲ್ಲಿ ಒಬ್ಬರೇ ಇರಲಾಗುವುದಿಲ್ಲವೆಂದು ಮಗನ ಜೊತೆ ಗೋದಾಮಿಗೇ ಬರುತ್ತಿದ್ದರಂತೆ. ಅವರ ಎದುರು ಹೇಗೆ ಹೇಳುವುದು? ಹೇಗೋ ಹೇಳಿದೆ.

ಸಾಹೇಬರು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು, “ಆ ಹೋಟೆಲಿಗೆ ಹೋಗಿಲ್ವಾ?” ಎಂದರು.

“ಇಲ್ಲ.”

“ಬೇರೆದಕ್ಕೆ?”

“ಯಾವುದಕ್ಕೂ ಇಲ್ಲ.”

“ಹಿಮ ನೋಡಿದ್ದೀರಾ?”

ಏಳು ವರ್ಷ ನಾನು ಕಾದಿದ್ದ ಪ್ರಶ್ನೆ. “ನಿನ್ನೆ ನೋಡಿದೆ,” ಎಂದೆ. “ಮಾಲ್‌ನಲ್ಲಿ. ಬಿದ್ದೆ.”

ಸಾಹೇಬರು ನಗಲಿಲ್ಲ. “ನಾಲ್ಕು ವರ್ಷ ಮಾರಾಯ್ರೆ. ನಿಮ್ಮ ಕಾಗದ ಕಿಸೆಯಲ್ಲಿ ಇಟ್ಕೊಂಡು ಹನ್ನೊಂದು ಜನರನ್ನು ಕರ್ಕೊಂಡು ತಿರುಗಿದ್ದೇನೆ. ಖಲಾಸ್. ಉಮ್ಮ, ಈ ಸಲ ಮೇಲೆ ಹೋಗುದು ಬೇಡ.”

“ಅವ ಬಿದ್ದದ್ದಕ್ಕೆ ನಾನು ಎಂತಕ್ಕೆ ಕೋಣೆಯಲ್ಲಿ ಕೂತ್ಕೊಳ್ಬೇಕು?” ಎಂದರು ಉಮ್ಮ. “ಆ ಕೋಣೆಯ ಗೋಡೆ ಕಾಗದದಲ್ಲಿ ಎಷ್ಟು ಹೂ ಉಂಟು ಅಂತ ನನಗೆ ಬಾಯಿಪಾಠ ಉಂಟು.” ನನ್ನ ಕಡೆ ತಿರುಗಿದರು. “ಮಗಾ, ಆ ಬೆಟ್ಟದ ಹೋಟೆಲಿಗೆ ಈಗ ಫೋನ್ ಮಾಡು.”

ಹನ್ನೆರಡೂ ಮುಕ್ಕಾಲು. ಅಲ್ಲಿ ಇನ್ನೂ ಒಂಬತ್ತೂ ಮುಕ್ಕಾಲು. ಆ ಹೊತ್ತಿಗೆ ನಾನು ಯಾವತ್ತೂ ಮಾಡಿದವನಲ್ಲ. ಸ್ಪೀಕರಿನಲ್ಲಿಟ್ಟೆ. ಒಬ್ಬಳು ಹೆಂಗಸು ಎತ್ತಿದಳು. ಗದ್ದಲ ಇಲ್ಲ, ಎಲ್ಲೋ ನೀರು ಬೀಳುವ ಸದ್ದು ಮಾತ್ರ. ನಿಧಾನವಾದ ಇಂಗ್ಲಿಷಿನಲ್ಲಿ, ಏನು ಬೇಕು ಎಂದಳು. ಏಳು ವರ್ಷ ನಾನು ಇವರ ಬೈಗುಳ ಮಾತ್ರ ಕೇಳಿದ್ದೆ. ಬೆಳಿಗ್ಗೆ ಕೇಳಿದ್ದರೆ ಉತ್ತರವೂ ಸಿಗುತ್ತಿತ್ತು. ದಾರಿ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ, ಎರಡು ನಿಮಿಷ, ಎಂದಳು.

“ಹಾಗೆ ಕೇಳಿದ್ರೆ ಯಾರಾದ್ರೂ ಹಾಗೇ ಹೇಳುದು,” ಎಂದರು ಉಮ್ಮ. “ಅವಳ ಅಮ್ಮ ಆ ದಾರಿಯಲ್ಲಿ ಬರ್ತಾಳಾ ಕೇಳು.”

ಕೇಳಿದೆ. ಆ ಕಡೆ ಹೆಂಗಸು ನಕ್ಕಳು. ಅಯ್ಯೋ, ಆ ದಾರಿಯಲ್ಲಿ ಬೇಡವೇ ಬೇಡ, ಅದು ಇಳಿಜಾರು, ಹಿಮ ಗಡ್ಡೆ ಕಟ್ಟಿರುತ್ತದೆ, ಎಂದಳು. ಅವಳ ಅತ್ತೆ ವಾರಕ್ಕೊಮ್ಮೆ ಬರುತ್ತಾಳಂತೆ. ತರಕಾರಿ ಹೊತ್ತು ಹಿಮದ ಮೇಲೆ ಓಡುವ ಬಂಡಿಯಲ್ಲಿ, ಸ್ಕೀಯವರು ಬರುವ ಮೊದಲೇ, ಅಡಿಗೆಮನೆಯ ಬಾಗಿಲಿಗೆ. ನಿಮ್ಮವರನ್ನೂ ಹಾಗೇ ಕೂರಿಸಿ ತರಬಹುದು, ಆದರೆ ಬೆಳಿಗ್ಗೆ ಒಂಬತ್ತಕ್ಕೆ; ಊಟವಾದ ಮೇಲೆ ಖಾಲಿ ಬಂಡಿ ಕೆಳಗೆ ಹೋಗುವಾಗ ಇಳಿಸುತ್ತೇವೆ.

“ಊಟದ ತನಕ ಮೂರ್ನಾಲ್ಕು ಗಂಟೆ ಒಬ್ಬರೇ ಎಂತ ಮಾಡ್ತೀರಿ ಉಮ್ಮ?” ಎಂದರು ಸಾಹೇಬರು.

“ಒಬ್ಬಳೇ ಎಲ್ಲಿ? ಅಡಿಗೆಮನೆ ಉಂಟು, ಅವಳಿದ್ದಾಳೆ, ಅವಳ ಅತ್ತೆ ಇದ್ರೆ ಅದೂ ಆಯ್ತು. ಬಟಾಟೆ ಸಿಪ್ಪೆ ತೆಗೀಲಿಕ್ಕೆ ಭಾಷೆ ಬೇಕಾ?”

ಹೊರಡುವಾಗ ಸಾಹೇಬರು ಬಾಗಿಲವರೆಗೂ ಬಂದರು. “ನಿಮ್ಮ ಮೇಲೆ ಸಿಟ್ಟು ಉಂಟು,” ಎಂದರು. “ಹೋಗಿ ಬಂದ ಮೇಲೆ ಮಾತಾಡುವ.”

ಕಚೇರಿಗೆ ಬಂದು ಮ್ಯಾನೇಜರನಿಗೆ, ಆ ‘ಖುದ್ದಾಗಿ’ ಎಂಬ ಸಾಲು ತೆಗೆಯೋಣ ಎಂದೆ. ಅವನು ಪರದೆಯಿಂದ ಕಣ್ಣೆತ್ತದೆ, ಸೀಸನ್ ಮುಗಿಯಲಿ, ಎಂದ. ನನಗೂ ವಾದ ಮಾಡುವ ಶಕ್ತಿ ಇರಲಿಲ್ಲ. ಸಾಲು ಉಳಿಯಿತು.

ಅವರು ವಿಮಾನ ಹತ್ತಿದ ಮುಂದಿನ ವಾರ, ಬುಧವಾರ, ಉಮ್ಮನ ಊಟದ ದಿನ. ಬೆಳಿಗ್ಗೆಯಿಂದ ನನ್ನ ತಲೆಯೊಳಗೆ ಬಂಡಿ ಎಷ್ಟು ಸಲ ಮಗುಚಿತೋ ಲೆಕ್ಕವಿಲ್ಲ. ಮೂರೂವರೆಗೆ ಸರಿಯಾಗಿ ಸಾಹೇಬರ ಫೋನು. ತಟ್ಟೆಗಳ ಸದ್ದು, ಮಕ್ಕಳ ಕಿರಿಚಾಟ, ಯಾರೋ ಕೂಗುವುದು.

“ಹಲೋ... ಕೇಳುದಿಲ್ಲ ಮಾರಾಯ್ರೆ... ಉಮ್ಮ...”

“ಉಮ್ಮನಿಗೆ ಎಂತಾಯ್ತು?”

“ಕೇಳುದಿಲ್ಲ! ಮತ್ತೆ ಮಾಡ್ತೇನೆ!” ಟಪ್.

ನನ್ನ ಪದ್ಧತಿಯ ಪ್ರಕಾರ ಅದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ನಾನು ಮಾತ್ರ ಡಬ್ಬಿ ಮುಟ್ಟದೆ ಎರಡು ಗಂಟೆ ಕೂತೆ. ಅವರು ಮತ್ತೆ ಮಾಡಲಿಲ್ಲ. ಐದೂವರೆಗೆ, ಅಲ್ಲಿ ಗದ್ದಲ ಇಳಿದಿರಬಹುದೆಂದು, ನಾನೇ ಆ ರೆಸ್ಟೋರೆಂಟಿಗೆ ಫೋನ್ ಮಾಡಿದೆ. ಅದೇ ಹೆಂಗಸು.

“ನಿಮ್ಮ ತಾಯಿ ಈಗಷ್ಟೇ ಬಂಡಿಯಲ್ಲಿ ಕೆಳಗೆ ಹೋದರು,” ಎಂದಳು. “ನಮ್ಮ ಸೂಪಿಗೆ ಉಪ್ಪು ಸಾಲದು ಅಂತ ಕೈಸನ್ನೆ ಮಾಡಿದರು. ನಾನು ರುಚಿ ನೋಡಿದೆ. ನಿಜವಾಗಿಯೂ ಸಾಲದು.”

ನನ್ನ ತಾಯಿಯಲ್ಲ ಎಂದು ತಿದ್ದಲು ಹೋಗಲಿಲ್ಲ. ಎಲ್ಲರೊಟ್ಟಿಗೆ ಕೂತು ಊಟ ಮಾಡಿದರಾ ಎಂದಷ್ಟೇ ಕೇಳಿದೆ.

“ನಡುವಿನ ಕುರ್ಚಿಯಲ್ಲಿ,” ಎಂದಳು ಅವಳು.

ಪಟ್ಟಿ ತೆರೆದು ‘ಎರಡು ನಿಮಿಷ’ ಎಂಬುದನ್ನು ಅಳಿಸಿದೆ. ಅಲ್ಲಿ ಬದಲಿಗೆ ಏನು ಬರೆಯಬೇಕೆಂದು ಹೊಳೆಯಲಿಲ್ಲ. ಜಾಗ ಖಾಲಿ ಬಿಟ್ಟು, ಹುಳಿ ಬಂದ ಮೊಸರನ್ನ ಉಂಡು, ಡಬ್ಬಿ ತೊಳೆಯಲು ಹೋದೆ.