ಮೊದಲು ಮೇಣ, ಆಮೇಲೆ ಸೀಸ

ಆಸ್ಪತ್ರೆಯಲ್ಲಿ ನನ್ನ ಗಂಡನನ್ನ ಯಾರೂ ಹೆಸರು ಹಿಡಿದು ಕರೀತಿರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸೋಳ ತನಕ ಎಲ್ಲರಿಗೂ ಅವರು ಮೇಣಪ್ಪ. ಕ್ಯಾನ್ಸರ್ ವಿಭಾಗದ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಒಂದು ರೂಮಲ್ಲಿ, ಇಪ್ಪತ್ತಾರು ವರ್ಷ ಸೀಸ ಕತ್ತರಿಸಿ ಮೇಣ ಕರಗಿಸಿದ ಮನುಷ್ಯ. ಮನೆಗೆ ಬಂದರೆ ಉಗುರಲ್ಲಿ ಮೇಣ, ಅಂಗಿ ತೋಳಲ್ಲಿ ಮೇಣ. "ಒಲೆ ಹತ್ತಿರ ಬಂದೀರಿ ಜೋಕೆ, ಕರಗಿ ಹೋಗ್ತೀರಿ" ಅಂತ ರೇಗಿಸ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು, ಮೊದಲೇ ಹೇಳಿಬಿಡ್ತೀನಿ.

ಅವರ ಕೆಲಸ ಏನು ಅಂತ ನನ್ನ ತಲೆಗೆ ಹತ್ತೋಕೆ ಹತ್ತು ವರ್ಷ ಬೇಕಾಯ್ತು. ಚರ್ಮದ ಹತ್ತಿರದ ಗಂಟಿಗೆ ಎಲೆಕ್ಟ್ರಾನ್ ಕಿರಣ ಬಿಡ್ತಾರೆ. ಅದು ಮೈಯೊಳಗೆ ಒಂದೆರಡು ಬೆರಳಿನಷ್ಟು ಹೋಗಿ ನಿಂತುಬಿಡುತ್ತೆ. ಸುತ್ತಲಿನ ಒಳ್ಳೆ ಚರ್ಮಕ್ಕೆ ತಾಗದಿರಲಿ ಅಂತ ಸೀಸದ ತಟ್ಟೆ ಅಡ್ಡ ಇಡ್ತಾರೆ. ತಾಪತ್ರಯ ಇರೋದು ಅಲ್ಲೇ. ಆ ಕಿರಣ ಸೀಸಕ್ಕೆ ನೇರವಾಗಿ ಬಡಿದರೆ ಸೀಸದಿಂದಲೇ ಎಕ್ಸ್‌ರೇ ಹುಟ್ಟುತ್ತೆ, ಯಾರಿಗೂ ಬೇಡದ ಎಕ್ಸ್‌ರೇ, ಅದು ಮೈಯೊಳಗೆ ಆಳಕ್ಕೆ ಇಳಿಯುತ್ತೆ. ಅದಕ್ಕೇ ಸೀಸದ ಮೇಲೆ ದಪ್ಪನೆ ಮೇಣ. ಮೇಣ ಕಿರಣದ ಓಟ ತಗ್ಗಿಸುತ್ತೆ, ಉಳಿದದ್ದನ್ನ ಸೀಸ ಹಿಡಿಯುತ್ತೆ. "ಜೋರಾಗಿ ಬಂದ ಚೆಂಡನ್ನ ಕೈ ಹಿಂದಕ್ಕೆ ತಗೊಂಡು ಹಿಡೀತಾರಲ್ಲ, ಹಾಗೆ ಕಣೇ" ಅಂದಿದ್ದರು.

ನಮಗಿದ್ದದ್ದು ಒಬ್ಬಳೇ ಮಗಳು, ಶಾಲೆಯಲ್ಲಿ ಚಿತ್ರ ಬಿಡಿಸೋದು ಹೇಳಿಕೊಡ್ತಿದ್ದಳು. ಮದುವೆಯಾಗಿ ಆರು ವರ್ಷ, ಎರಡು ಸಲ ಬಸಿರು ನಿಲ್ಲಲಿಲ್ಲ. ಮೂರನೇ ಸಲ ನಾಲ್ಕು ತಿಂಗಳು ತುಂಬಿದಾಗ ಬಲಭುಜದ ಮೇಲೆ ಗಂಟು ಕಂಡಿತು. ಕತ್ತರಿಸಿ ತೆಗೆದರು, ಪರೀಕ್ಷೆಗೆ ಕಳಿಸಿದರು. ಬಂದ ಕಾಗದ ಓದಿ ಡಾಕ್ಟರು ಕನ್ನಡಕ ತೆಗೆದಿಟ್ಟರು.

"ಮಗು ತೆಗೆಸಿದರೆ ಜೋರು ಔಷಧಿ ಈಗಲೇ ಶುರು ಮಾಡ್ತೀವಿ. ಮಗು ಬೇಕು ಅಂದರೆ ಸದ್ಯಕ್ಕೆ ಗಾಯದ ಜಾಗಕ್ಕೆ ಎಲೆಕ್ಟ್ರಾನ್ ಮಾತ್ರ. ಔಷಧಿ ಹೆರಿಗೆ ಆದಮೇಲೆ. ಅಷ್ಟರಲ್ಲಿ ರೋಗ ಹರಡಬಹುದು, ಮುಚ್ಚಿಡಲ್ಲ."

ಮಗಳು ಡಾಕ್ಟರನ್ನ ನೋಡಲಿಲ್ಲ, ಪಕ್ಕದಲ್ಲಿ ನಿಂತ ತನ್ನ ಗಂಡನನ್ನೂ ನೋಡಲಿಲ್ಲ. "ಅಪ್ಪಾ, ಮಗೂಗೆ ಎಕ್ಸ್‌ರೇ ತಾಗದ ಹಾಗೆ ಮಾಡ್ತೀಯಾ?" ಅಂದಳು.

"ಮಾಡ್ತೀನಿ ಮಗಳೇ."

ಅಷ್ಟೇ. ಒಂದು ಗಳಿಗೆ ಯೋಚನೆ ಮಾಡಲಿಲ್ಲ ಪುಣ್ಯಾತ್ಮ. ಅವಳೂ ಆಮೇಲೆ ಬೇರೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಟ್ಟೆ ತಯಾರಾಯ್ತು. ಕಿರಣ ಅಳೆಯೋ ಮೇಡಂ ಪ್ಲಾಸ್ಟಿಕ್ ಹಲಗೆಗಳನ್ನ ಮನುಷ್ಯರ ಮೈ ಹಾಗೆ ಜೋಡಿಸಿ, ಹೊಟ್ಟೆ ಬರೋ ಕಡೆ ಸಣ್ಣ ಮೀಟರ್ ಇಟ್ಟು ನೋಡಿ, "ಮಿತಿಯೊಳಗೇ ಇದೆ, ಸಾಕು ಮೇಣಪ್ಪ" ಅಂದರು. ಇವರಿಗೆ ಸಾಕಾಗಲಿಲ್ಲ. ಮೇಣ ಹೆಚ್ಚಿಸಿದರು. ಹೊಟ್ಟೆಗೆ ಅಡ್ಡ ನಿಲ್ಲೋ ಹಾಗೆ ಚಕ್ರದ ಸ್ಟ್ಯಾಂಡಿಗೆ ಸೀಸದ ಹಾಳೆ ಕಟ್ಟಿದರು. ಮತ್ತೆ ಅಳೆಸಿದರು. ಐದನೇ ಸಲಕ್ಕೆ ಮೇಡಂ, "ಇನ್ನೂ ಕಮ್ಮಿ ಬಂದರೆ ನನ್ನ ಮೀಟರೇ ಕೆಟ್ಟಿದೆ ಅಂತಾರೆ" ಅಂತ ನಕ್ಕರಂತೆ. ಅದನ್ನ ಮನೆಯಲ್ಲಿ ಹೇಳಿ ಹೇಳಿ ಹಿಗ್ಗಿದರು. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಐದು ವಾರ ಕಿರಣ ಕೊಟ್ಟರು. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು, ಕೈಕಾಲು, ಕಣ್ಣು, ಕಿವಿ ಎಲ್ಲ ಸರಿಯಿತ್ತು. ಆದರೆ ಔಷಧಿ ಶುರುವಾಗೋ ಹೊತ್ತಿಗೆ ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಮಗು ಮೊದಲ ಸಲ ಮಗುಚಿಕೊಂಡ ವಾರವೇ ನನ್ನ ಮಗಳು ಹೋದಳು.

ಎಲ್ಲ ಮುಗಿಸಿ ಮನೆಗೆ ಬಂದ ದಿನ ಬಾಗಿಲಲ್ಲೇ ಅಂದುಬಿಟ್ಟೆ: "ನೀವು ಅವತ್ತು ಆಗಲ್ಲ ಅಂದಿದ್ದರೆ ನನ್ನ ಮಗಳು ಉಳೀತಿದ್ದಳು."

ಅವರು ಚಪ್ಪಲಿ ಬಿಡ್ತಿದ್ದರು. ಒಂದು ಕಾಲಲ್ಲಿ ಚಪ್ಪಲಿ ಇದ್ದ ಹಾಗೇ ನಿಂತರು. ತಿರುಗಿ ಒಂದು ಮಾತಾಡಿದ್ದರೆ ಜಗಳ ಆಡಿ ಮುಗಿಸಬಹುದಿತ್ತು, ಆಡಲಿಲ್ಲ. ಆಮೇಲೂ ಸಿಟ್ಟು ಬಂದಾಗಲೆಲ್ಲ ಅದನ್ನೇ ಎತ್ತಿ ಆಡಿದೆ. ಅವಳು ಉಳೀತಿದ್ದಳೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಆದರೆ ನನ್ನ ಹೊಟ್ಟೆ ಉರೀತಿತ್ತು, ಯಾರ ಮೇಲೆ ಹಾಕಲಿ? ಅಳಿಯ ದೂರದೂರಿಗೆ ಲಾರಿ ಓಡಿಸೋನು, ಹಾಗಾಗಿ ಮಗು ನಮ್ಮ ಹತ್ತಿರವೇ ಬೆಳೀತು.

ಹೋದ ತಿಂಗಳು ಅದು ಮೆಟ್ಟಿಲಿಂದ ಬಿದ್ದು ಕೈ ಊದಿಸಿಕೊಂಡಿತು. ಮೂರೂವರೆ ವರ್ಷ ಈಗ. ಎಕ್ಸ್‌ರೇ ತೆಗೆಯೋಳು ಹೊಸಬಳು. "ಅಲುಗಾಡದ ಹಾಗೆ ಹಿಡ್ಕೋಬೇಕು, ತಾಯಿನ ಒಳಗೆ ಕಳಿಸಿ" ಅಂದಳು. ಇವರು ಮಗೂನ ಎತ್ತಿಕೊಂಡರು. ತಾವೇ ಒಳಗೆ ಹೋದರು. ಗಾಜಿನ ಈಚೆಯಿಂದ ನೋಡ್ತಿದ್ದೆ. ಸೀಸದ ಕೋಟನ್ನ ಮಗುವಿನ ಎದೆ, ಹೊಟ್ಟೆಗೆ ಸುತ್ತಿದರು. ಬಿಚ್ಚಿ, ಇನ್ನೂ ಸರಿಯಾಗಿ ಸುತ್ತಿದರು. "ಒಂದೇ ಫೋಟೋ ತಾತ, ಏನೂ ಆಗಲ್ಲ" ಅಂದಳು ಅವಳು.

ಮೂಳೆ ಮುರಿದಿರಲಿಲ್ಲ. ಹೊರಗೆ ಬೆಂಚಿನ ಮೇಲೆ ತೊಡೆಯಲ್ಲಿ ಕೂರಿಸಿಕೊಂಡರು. ಮಗು ತುಟಿ ಕಚ್ಚಿ ಅಳು ತಡೀತಿತ್ತು, ಥೇಟ್ ಅದರ ಅಮ್ಮನ ಹಾಗೆ. ಅದನ್ನ ನೋಡಿ ಇವರು ತಡಕೊಳ್ಳಲಾಗದೆ ಬಿಕ್ಕಿ ಬಿಕ್ಕಿ ಅತ್ತರು. ಮಗಳು ಹೋದಾಗಲೂ ಹಾಗೆ ಅತ್ತವರಲ್ಲ.

"ನೀನು ಹೇಳಿದ್ದೇ ಸರಿ ಕಣೇ. ಅವತ್ತು ನಾನು ಆಗಲ್ಲ ಅನ್ನಬೇಕಿತ್ತು."

ಎದ್ದು ಹೋಗಿ ಅವರ ಬಾಯಿ ಮುಚ್ಚಿದೆ. "ಮಗು ಕೇಳಿಸಿಕೊಳ್ಳುತ್ತೆ ರೀ!"

ಕೇಳಿಸಿಕೊಂಡಿತ್ತು. "ಏನು ಆಗಲ್ಲ ಅನ್ನಬೇಕಿತ್ತು ಅಜ್ಜಿ?"

ಮೂರು ವರ್ಷದಿಂದ ನಾನು ಆಡಿಕೊಂಡು ಬಂದ ಮಾತು ಈ ಕೂಸು ಬೇಡವಾಗಿತ್ತು ಅನ್ನೋದೇ ಅಲ್ಲವಾ ಅಂತ ನನಗೆ ಹೊಳೆದದ್ದು ಆವಾಗ. "ಏನಿಲ್ಲ ಕಂದಾ" ಅಂದೆ, ಅವರ ತೊಡೆಯಿಂದ ಎತ್ತಿ ನನ್ನ ಸೊಂಟಕ್ಕೆ ಹಾಕಿಕೊಂಡೆ.