ಓಟ್ಸ್ ಬದಲಿಗೆ ಜೋಳದ ನುಚ್ಚು

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದು ಬಾಗಲಕೋಟೆಯ ದವಾಖಾನೆಯೊಂದರಲ್ಲಿ. ಆಗ ನನಗೆ ನಲವತ್ತಾರು. ಅದಕ್ಕೂ ಮೊದಲು ಎರಡು ತಿಂಗಳಿನಿಂದ ಮಧ್ಯಾಹ್ನದ ಹೊತ್ತಿಗೆ ಕಣ್ಣು ಮಂಜಾಗುತ್ತಿತ್ತು, ಬೋರ್ಡಿನ ಮೇಲೆ ನಾನೇ ಬರೆದದ್ದು ನನಗೇ ಕಾಣುತ್ತಿರಲಿಲ್ಲ. ನಾನು ಹುನಗುಂದದ ಸರಕಾರಿ ಶಾಲೆಯಲ್ಲಿ ಟೀಚರು. ಮನೆ ಇಳಕಲ್ಲಿನಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತೇನೆ. ಮಗಳು ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. ಮನೆಯಲ್ಲಿ ಇರುವುದು ನಾನು, ನನ್ನ ಗಂಡ, ಅತ್ತೆ.

ಗಂಡ ನೇಕಾರರು. ಓಣಿಯ ಬಹಳ ಮಂದಿ ಪವರ್‌ಲೂಮಿಗೆ ಹೋದರೂ ಅವರು ನಡುಮನೆಯ ಕುಣಿಮಗ್ಗ ಬಿಟ್ಟಿಲ್ಲ. ಬೆಳಗಾದರೆ ಕುಣಿಯೊಳಗೆ ಕಾಲಿಟ್ಟು ಕೂತರೆ ಊಟಕ್ಕೆ ಏಳಬೇಕು, ಚಹಕ್ಕೆ ಏಳಬೇಕು, ಅಷ್ಟೆ. ಮಾತು ಕಡಿಮೆ. ಅಲ್ಲಿಯವರೆಗಿನ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ಒಲೆ ಹಚ್ಚಿದ್ದನ್ನು ನಾನು ನೋಡಿದ್ದು ಎರಡೇ ಸಲ, ಎರಡೂ ಸಲ ಚಹಕ್ಕೆ.

ಡಾಕ್ಟರಬಾಯಿ ಗುಳಿಗೆ ಬರೆದುಕೊಟ್ಟು, "ಗುಳಿಗಿ ಒಂದ ಎಲ್ಲಾ ಮಾಡೂದಿಲ್ರಿ ಟೀಚರ, ಊಟ ಬದಲ ಆಗಬೇಕು" ಎಂದು ಅಚ್ಚು ಹಾಕಿಸಿದ ಒಂದು ಕಾಗದ ಕೊಟ್ಟರು. ಅದರಲ್ಲಿ ಓಟ್ಸ್, ಬ್ರೌನ್ ರೈಸ್, ಬ್ರೊಕೊಲಿ, ಆಲಿವ್ ಎಣ್ಣೆ, ಫ್ಲ್ಯಾಕ್ಸ್ ಸೀಡ್ಸ್, ಸಕ್ಕರೆ ಹಾಕದ ಬಾದಾಮಿ ಹಾಲು ಎಂದೆಲ್ಲ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಕೂತು ಅದನ್ನು ನನ್ನ ಗಂಡನಿಗೆ ಓದಿ ಹೇಳಿದೆ. ಕೊನೆಯದನ್ನು ಕೇಳಿ ಅವರು, "ಬಾದಾಮಿ ಅಂದ್ರ ನನಗ ಊರಷ್ಟ ಗೊತ್ತೈತಿ" ಎಂದರು. ನಗುವ ಮನಸ್ಸು ನನಗಿರಲಿಲ್ಲ.

ಬಾಗಲಕೋಟೆಯ ದೊಡ್ಡ ಅಂಗಡಿಯಲ್ಲಿ ಸಿಕ್ಕದ್ದನ್ನು ತಂದೆ. ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಓಟ್ಸ್ ಕುದಿಸಿ ಕಣ್ಣು ಮುಚ್ಚಿ ತಿಂದೆ. ಎಂಟನೆಯ ದಿನ ಬೆಕ್ಕಿಗೆ ಹಾಕಿದೆ, ಅದೂ ಮೂಸಿ ಹೋಯಿತು. ಆಮೇಲೆ ಗಡಿಬಿಡಿಯಲ್ಲಿ ಮತ್ತೆ ಮೊದಲಿನಂತೆ ಬಿಳಿ ಅನ್ನ, ಆಲೂಗಡ್ಡೆ ಪಲ್ಯ, ಎರಡು ಚಮಚ ಸಕ್ಕರೆಯ ಚಹಾ. ಗುಳಿಗೆ ಇದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಅವರು ಮಗ್ಗದಿಂದ ಎದ್ದು ಬಂದು, "ಆ ಕಾಗದ ಎಲ್ಲಿಟ್ಟಿ?" ಎಂದು ಕೇಳಿದರು. ಕೊಟ್ಟೆ. ಸೀರೆಯ ಲೆಕ್ಕ ಗುರುತು ಹಾಕಿಕೊಳ್ಳುವ ಪೆನ್ಸಿಲ್ ಹಿಡಿದು ಕಟ್ಟೆಯ ಮೇಲೆ ಕೂತರು. ಒಂದೊಂದೇ ಹೆಸರು ಕೇಳುವುದು, ಅದು ಹೇಗಿರುತ್ತದೆ, ಯಾಕೆ ಒಳ್ಳೆಯದು ಎಂದು ನನ್ನ ಮೊಬೈಲಿನಲ್ಲಿ ಹುಡುಕಿಸುವುದು. ಫ್ಲ್ಯಾಕ್ಸ್ ಸೀಡ್ಸ್ ಎಂದು ನಾನು ತಂದಿಟ್ಟಿದ್ದ ಸಣ್ಣ ಪ್ಯಾಕೆಟ್ಟನ್ನು ಹರಿದು ಅಂಗೈಗೆ ಸುರಿದುಕೊಂಡು ನೋಡಿದರು. ಅತ್ತೆಯ ಕಡೆಗೆ ಕೈ ಚಾಚಿದರು.

ಅತ್ತೆ ಎರಡು ಕಾಳು ಬಾಯಿಗೆ ಹಾಕಿಕೊಂಡು, "ಇದು ಅಗಸಿ ಅಲ್ಲೇನೋ? ಡಬ್ಬಿ ತುಂಬ ಹಿಂಡಿ ಕುಟ್ಟಿಟ್ಟೇನಿ, ಯಾರೂ ತಿನ್ನವಲ್ರು" ಎಂದರು. ನಮ್ಮಲ್ಲಿ ಚಟ್ನಿಪುಡಿಗೆ ಹಿಂಡಿ ಎನ್ನುತ್ತಾರೆ. ಅಗಸೆ ಹಿಂಡಿಯ ಡಬ್ಬಿ ನಾನು ಮದುವೆಯಾಗಿ ಬಂದಾಗಿನಿಂದ ಗೋಡೆಯ ಆ ಮಾಡಿನಲ್ಲೇ ಇತ್ತು.

ಅಂದು ಆ ಕಾಗದದ ಮೇಲೆ ಒಂದೊಂದೇ ಗೆರೆ ಬಿತ್ತು. ಓಟ್ಸ್ ಹೊಡೆದು ಪಕ್ಕದಲ್ಲಿ 'ಜ್ವಾಳದ ನುಚ್ಚು' ಎಂದು ಬರೆದರು. ಬ್ರೌನ್ ರೈಸ್ ಇದ್ದಲ್ಲಿ ನವಣೆ. ಆಲಿವ್ ಎಣ್ಣೆಗೆ ಕುಸುಬಿ ಎಣ್ಣೆ. ಬ್ರೊಕೊಲಿಯ ಮುಂದೆ ಬಹಳ ಹೊತ್ತು ಪೆನ್ಸಿಲ್ ನಿಂತಿತು. ಕೊನೆಗೆ ನುಗ್ಗೆಸೊಪ್ಪು, ರಾಜಗಿರಿ, ಪುಂಡಿ ಎಂದು ಮೂರು ಬರೆದು, "ಅದೊಂದಕ್ಕ ನಮ್ಮವು ಮೂರು" ಎಂದರು. ಬಾದಾಮಿ ಹಾಲಿನ ಮುಂದೆ ಕುಸುಬಿ ಹಾಲು ಎಂದು ಹೇಳಿಕೊಟ್ಟದ್ದು ಅತ್ತೆ. ಕುಸುಬೆ ಕಾಳು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆಯುವ ಹಾಲು ಅದು. ಮೊದಲು ಹಬ್ಬಕ್ಕೆ ಅದರಲ್ಲೇ ಹುಗ್ಗಿ ಮಾಡುತ್ತಿದ್ದರಂತೆ.

"ಎಲ್ಲಾ ಖರೆ, ಮಾಡೋರು ಯಾರು?" ಎಂದೆ ನಾನು. "ನಾ ಎಂಟಕ್ಕ ಬಸ್ಸಿಗೆ ನಿಲ್ಲಬೇಕು."

"ನಾ ಮನ್ಯಾಗ ಇರ್ತೇನಲ್ಲ" ಎಂದರು.

ಅತ್ತೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಮೊಣಕಾಲು ನೋವು, ಒಲೆಯ ಮುಂದೆ ನಿಲ್ಲುವುದು ಆಗುತ್ತಿರಲಿಲ್ಲ. ಮರುದಿನದಿಂದ ಅಡುಗೆಮನೆಯ ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು.

ಮೊದಲ ತಿಂಗಳು ಬಾಯಿಗೆ ಇಟ್ಟದ್ದೆಲ್ಲ ನುಂಗುವಂತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಗಂಡ ನವಣೆಗೆ ಅಕ್ಕಿಯ ಅಳತೆಯಲ್ಲೇ ನೀರು ಹಾಕಿ ಅರ್ಧ ಬೇಯಿಸಿದರು, ಮರುದಿನ ನೀರು ಹೆಚ್ಚಿಸಿ ಅಂಟು ಮಾಡಿದರು. ಕುಸುಬಿ ಹಾಲನ್ನು ದೊಡ್ಡ ಉರಿಯಲ್ಲಿ ಇಟ್ಟು ಮಗ್ಗಕ್ಕೆ ಹೋಗಿ ಕೂತಾಗ ಅದು ಒಡೆದು ಮೊಸರಿನ ಹಾಗೆ ಆಯಿತು. ರೊಟ್ಟಿ ಇನ್ನೂ ಕಷ್ಟ. ಸಣ್ಣ ಎಳೆ ಹಿಡಿದು ಹಿಡಿದು ಹಗುರಾದ ಕೈ, ಜೋಳದ ಹಿಟ್ಟನ್ನು ಗಟ್ಟಿಯಾಗಿ ಬಡಿಯಲು ಬಾರದು. ಬಡಿದರೆ ಅಂಚು ಹರಿಯುತ್ತಿತ್ತು, ಎತ್ತಿದರೆ ನಡು ಮುರಿಯುತ್ತಿತ್ತು. ಎಸರು ಚೆನ್ನಾಗಿ ಕುದಿಸಿ ಹಿಟ್ಟಿಗೆ ಹಾಕು ಎಂದು ಅತ್ತೆ ಕೂತಲ್ಲಿಂದಲೇ ಹೇಳುತ್ತಿದ್ದರು. ಹದಿನೈದು ದಿನ ನೋಡಿ ನನ್ನ ಗಂಡ ಬಡಿಯುವುದನ್ನೇ ಬಿಟ್ಟು ಲಟ್ಟಣಿಗೆ ತೆಗೆದುಕೊಂಡರು.

"ಜ್ವಾಳದ ರೊಟ್ಟಿ ಲಟ್ಟಸ್ತಾರೇನೋ ತಮ್ಮಾ?" ಎಂದರು ಅತ್ತೆ.

"ತಿಂದು ನೋಡಬೇ" ಎಂದು ಒಂದು ಕೊಟ್ಟರು. ಅತ್ತೆ ತಿಂದರು. "ತೆಳ್ಳಗ ಆಗೇತಿ" ಎಂದಷ್ಟೇ ಹೇಳಿ ಇನ್ನೊಂದಕ್ಕೆ ಕೈ ಚಾಚಿದರು.

ಚಳಿಗಾಲದಲ್ಲಿ ನಾನೂ ನನ್ನ ಗಂಡನೂ ಒಂದು ಶುಕ್ರವಾರ ಬಾದಾಮಿ ಹತ್ತಿರದ ಬನಶಂಕರಿಗೆ ಹೋದೆವು. ಅದು ಅವರ ಮನೆದೇವರು, ವರ್ಷಕ್ಕೊಮ್ಮೆ ಹೋಗಿ ಬರುವುದು ರೂಢಿ. ದರ್ಶನ ಮುಗಿಸಿ ಹೊಂಡದ ಕಡೆ ಬಂದರೆ, ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಊಟ ಮಾರುತ್ತ ಕೂತಿರುತ್ತಾರೆ. ರೊಟ್ಟಿ, ಪುಂಡಿಪಲ್ಯ, ಕಾಳಿನ ಪಲ್ಯ, ಸಣ್ಣ ಗಡಿಗೆಯಲ್ಲಿ ಮೊಸರು. ನಾವು ವಯಸ್ಸಾದ ಒಬ್ಬಾಕೆಯ ಮುಂದೆ ಕೂತೆವು. ನನ್ನ ಗಂಡ ಒಂದು ತುತ್ತು ತಿಂದು ನಿಲ್ಲಿಸಿದರು.

"ಯವ್ವಾ, ಪುಂಡಿಪಲ್ಯ ಇಷ್ಟ ಹುಳಿ ಕಡಿಮಿ ಹೆಂಗಾತು? ನಾ ಮಾಡಿದ್ರ ಹಲ್ಲು ಚುಳ್ ಅಂತಾವು."

ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಮಾಡ್ತಿಯೇನಪಾ?"

"ಹೌದ ಬೇ. ಈಕಿಗೆ ಸಕ್ಕರಿ ಬ್ಯಾನಿ ಐತಿ. ಬೆಲ್ಲ ಹಾಕಾಂಗಿಲ್ಲ."

ಅವರು ಯಾವ ನಾಚಿಕೆಯೂ ಇಲ್ಲದೆ, ಮಗ್ಗದ ಕೆಲಸ ಹೇಳುವಷ್ಟೇ ಸಹಜವಾಗಿ ಇದನ್ನು ಹೇಳಿದರು. ಪಕ್ಕದಲ್ಲಿ ಊಟ ಮಾಡುತ್ತಿದ್ದವರು ತಿರುಗಿ ನೋಡಿದರು. ತಲೆ ತಗ್ಗಿಸಿದ್ದು ನಾನು. ಆಕೆ ಮಾತ್ರ ಬುಟ್ಟಿ ಸರಿಸಿ, ಸೊಪ್ಪನ್ನು ಒಮ್ಮೆ ಕುದಿಸಿ ನೀರು ಬಸಿಯಬೇಕು, ಬೆಲ್ಲದ ಬದಲಿಗೆ ತೊಗರಿಬೇಳೆ ಒಂದು ಹಿಡಿ ಹೆಚ್ಚು ಹಾಕಿ ಜೋಳದ ನುಚ್ಚಿನ ಜೊತೆ ಬೇಯಿಸಬೇಕು ಎಂದು ವಿವರವಾಗಿ ಹೇಳಿದಳು. ಎದ್ದು ಹೊರಡುವಾಗ ನನಗೆ, "ಚಲೋ ಗಂಡನ್ನ ಪಡದಿ ನೋಡವಾ" ಎಂದಳು. ಬಾದಾಮಿಗೆ ಬರುವ ಟಂಟಂ ಆಟೋದಲ್ಲಿ ಅವರು ಆ ಪಲ್ಯದ ಅಳತೆಯನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಬಂದರು.

ನಾನು ತಲೆ ತಗ್ಗಿಸಿದ್ದಕ್ಕೆ ಕಾರಣವಿತ್ತು. ಶಾಲೆಯಲ್ಲಿ ನಾನೊಂದು ಸುಳ್ಳು ಹೇಳಿದ್ದೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಹಂಚಿಕೊಂಡು ತಿನ್ನುತ್ತೇವೆ. ನನ್ನ ಡಬ್ಬಿ ದಿನದಿನಕ್ಕೆ ರುಚಿಯಾಗುತ್ತ ಬಂತು. ನವಣೆಯ ಚಿತ್ರಾನ್ನಕ್ಕೆ ಶೇಂಗಾ ಕಡಿಮೆ ಮಾಡಿ ಹುರಿದ ಗುರೆಳ್ಳಿನ ಪುಡಿ ಉದುರಿಸಿರುತ್ತಿದ್ದರು. ಮೊಳಕೆ ಬಂದ ಮಡಕೆ ಕಾಳಿಗೆ ಹಸಿ ಮೆಂತೆಸೊಪ್ಪು, ಎಳೆ ಸೌತೆ. ಯಾರೋ ಕೇಳಿದರು, ಯಾರು ಮಾಡ್ತಾರೆ ಎಂದು. ಅದರ ಹಿಂದಿನ ವಾರವಷ್ಟೇ, ಹೆಂಡತಿಗೆ ಹುಷಾರಿಲ್ಲದೆ ಅಡುಗೆ ಮಾಡಿದ ಒಬ್ಬರ ಬಗ್ಗೆ ಅದೇ ಕೋಣೆಯಲ್ಲಿ ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ. ಬಾಯಿಗೆ ಬಂದದ್ದು, "ನಮ್ಮ ಅತ್ತಿ ಮಾಡ್ತಾರ್ರಿ." ಅಂದು ಹೇಳಿದ್ದನ್ನು ಆಮೇಲೆ ನಾಲ್ಕು ತಿಂಗಳು ಕಾಯ್ದುಕೊಂಡು ಬಂದೆ. ಅತ್ತೆಯ ಕೈಗುಣವನ್ನು ಎಲ್ಲರೂ ಹೊಗಳಿದರು, ನಾನು ಹೌದೆಂದು ತಲೆಯಾಡಿಸಿದೆ.

ಒಂದು ಭಾನುವಾರ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಮೊಬೈಲು ಮನೆಯಲ್ಲೇ ಬಿಟ್ಟಿದ್ದೆ. ಹಿಟ್ಟಿನ ಡಬ್ಬಿ ಹೊತ್ತು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ, ಒಳಗೆ ನನ್ನ ಗಂಡ ಫೋನಿನಲ್ಲಿ ಮಾತನಾಡುವುದು ಕೇಳಿಸಿತು.

"ಹೌದ್ರಿ ಟೀಚರ, ನಮ್ಮವ್ವ ಹಂಗ ಮಾಡ್ತಾಳ್ರಿ. ನವಣಿ ಮೊದಲ ತೊಳದು, ನೆರಳಾಗ ಆರಹಾಕಿ, ಸ್ವಲ್ಪ ಹುರೀಬೇಕಂತ್ರಿ. ಒಂದಕ್ಕ ಎರಡೂವರಿ ನೀರ್ರಿ... ಇಲ್ರಿ, ಆಕಿ ಈಗ ಮಲಗ್ಯಾಳ್ರಿ. ನನಗ ಹೇಳಿದ್ದು ನಾ ಹೇಳಾಕತ್ತೇನಿ."

ಅತ್ತೆ ಮಲಗಿರಲಿಲ್ಲ. ಎದುರಿಗೇ ಕುರ್ಚಿಯ ಮೇಲೆ ಕೂತು ಮಗನನ್ನು ನೋಡುತ್ತಿದ್ದರು. ಕರೆ ಮಾಡಿದ್ದು ನನ್ನ ಜೊತೆಯ ಟೀಚರು. ಆಕೆಯ ಗಂಡನಿಗೂ ಸಕ್ಕರೆ ಇತ್ತು. ಆಕೆ 'ನಿಮ್ಮ ಅವ್ವಾರ ಅಡಿಗಿ' ಎಂದು ಶುರು ಮಾಡಿದೊಡನೆ ನನ್ನ ಗಂಡನಿಗೆ ಎಲ್ಲ ತಿಳಿದುಹೋಗಿತ್ತು. ನನ್ನನ್ನು ಸುಳ್ಳುಗಾತಿಯನ್ನಾಗಿ ಮಾಡಬಾರದೆಂದು, ತಿಂಗಳುಗಟ್ಟಲೆ ಕೈ ಸುಟ್ಟುಕೊಂಡು ಕಲಿತದ್ದನ್ನೆಲ್ಲ ಅವರು ನಿಂತ ನಿಲುವಿನಲ್ಲಿ ತಾಯಿಯ ಹೆಸರಿಗೆ ಬರೆದುಬಿಟ್ಟರು.

ನಾನು ಡಬ್ಬಿ ಕೆಳಗಿಟ್ಟೆ. ಅವರು ಫೋನು ನನ್ನ ಕೈಗೆ ಕೊಟ್ಟು, "ನಿಮ್ಮ ಟೀಚರದು ಇತ್ತು. ಹೇಳೇನಿ" ಎಂದು ಮಗ್ಗಕ್ಕೆ ಹೋದರು. ಲಾಳಿಯ ಸಪ್ಪಳ ಶುರುವಾಯಿತು. ಅತ್ತೆ ಮಾತ್ರ ಮೆಲ್ಲಗೆ, "ನನಗ ಬ್ಯಾಡವಾ ಆ ಹೆಸರು. ಅವನ್ದ ಅವಂಗ ಕೊಡು" ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಸೋಮವಾರ ಊಟದ ಹೊತ್ತಿಗೆ ಡಬ್ಬಿ ಬಿಚ್ಚುವ ಮೊದಲೇ ಹೇಳಿದೆ. "ಇದನ್ನ ನಮ್ಮ ಅತ್ತಿ ಮಾಡಿಲ್ರಿ. ಮೊದಲಿಂದ ನಮ್ಮ ಮನಿಯವರ ಮಾಡ್ತಾರ. ನಾ ಸುಳ್ಳ ಹೇಳಿದ್ದೆ." ಒಬ್ಬರು ನಕ್ಕರು, ಜೊತೆ ಸಿಗದೆ ನಿಲ್ಲಿಸಿದರು. ಫೋನು ಮಾಡಿದ್ದ ಟೀಚರು, "ಅದಕ್ಕ ನೋಡ್ರಿ, ಯಾವ ಉರಿ, ಎಷ್ಟು ನಿಮಿಷ, ಎಲ್ಲಾ ಹೇಳಿದ್ರು. ಕೇಳಿ ಹೇಳೋರಿಗೆ ಅಷ್ಟು ಗೊತ್ತಿರೂದಿಲ್ಲ ಅಂತ ನನಗ ಅನಿಸಿತ್ತು" ಎಂದರು. ಆಮೇಲೆ, ನೇರ ಅವರನ್ನೇ ಕೇಳಬಹುದೇ ಎಂದು ವಿಚಾರಿಸಿದರು.

ಸಂಜೆ ಮನೆಗೆ ಬಂದು ಮಗ್ಗದ ಪಕ್ಕ ನೆಲದ ಮೇಲೆ ಕೂತು, ಶಾಲೆಯಲ್ಲಿ ಹೇಳಿಬಂದೆ ಎಂದೆ. ಅವರು ಲಾಳಿ ನಿಲ್ಲಿಸಲಿಲ್ಲ. "ಯಾಕ ಹೇಳಾಕ ಹೋದಿ? ಇನ್ನ ಮ್ಯಾಲೆ ಅಡಿಗಿ ಕೆಟ್ಟರ ಅವ್ವನ ಮ್ಯಾಲೆ ಹಾಕಾಕ ಬರೂದಿಲ್ಲ" ಎಂದರು. ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು. ನನಗೆ ಅಳು ಬಂದಿತ್ತು, ನಗುವೂ ಬಂತು.

ಮುಂದಿನ ಸಲ ಬಾಗಲಕೋಟೆಗೆ ಹೋದಾಗ ಅವರು ಗೆರೆ ಹೊಡೆದ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದರು. ರಕ್ತದ ರಿಪೋರ್ಟು ಮೊದಲಿಗಿಂತ ಬಹಳ ಚೆನ್ನಾಗಿತ್ತು. ಗುಳಿಗೆ ನಿಲ್ಲಲಿಲ್ಲ, ಆದರೆ ಒಂದನ್ನು ಅರ್ಧ ಮಾಡಿದರು. ಡಾಕ್ಟರಬಾಯಿ ಕಾಗದವನ್ನು ಓದಿ, "ಎಲ್ಲಾ ಛಲೋ ಐತ್ರಿ. ಆದ್ರ ನುಚ್ಚು, ನವಣಿ ಅಂದ್ರೂ ಹೆಚ್ಚು ಉಂಡ್ರ ಸಕ್ಕರಿ ಏರೇ ಏರ್ತೈತಿ. ಅಳತಿ ಇರ್ಲಿ" ಎಂದು ಎಚ್ಚರಿಸಿದರು. ನಾನು ಮೂರು ಸಲ ನೀಡಿಸಿಕೊಂಡು ಉಣ್ಣುತ್ತಿದ್ದುದು ನನ್ನ ಗಂಡನಿಗೆ ಗೊತ್ತಿತ್ತು. ಬರುವಾಗ ಪೇಟೆಯಲ್ಲಿ ಸಣ್ಣದೊಂದು ಸ್ಟೀಲಿನ ಬಟ್ಟಲು ಕೊಂಡರು. ಅಂದಿನಿಂದ ನನ್ನ ನುಚ್ಚಿಗೆ ಆ ಬಟ್ಟಲೇ ಅಳತೆ. ಹೊಟ್ಟೆ ತುಂಬಲಿಲ್ಲ ಎಂದರೆ ಪಲ್ಯ ಮುಂದೆ ತಳ್ಳುತ್ತಾರೆ.

ಇತ್ತೀಚೆಗೆ ಮನೆಗೆ ಫೋನು ಬಂದರೆ ಅರ್ಧ ಅವರಿಗೇ ಇರುತ್ತದೆ. ಓಣಿಯ ಇಬ್ಬರು ನೇಕಾರರು ಕೂಡ ಬಂದು, ಹೆಂಡತಿಯರಿಗೆ ಕೇಳಿಸದ ಹಾಗೆ, ರೊಟ್ಟಿ ಲಟ್ಟಿಸುವುದನ್ನು ಕಲಿತು ಹೋದರು. ಇವರು ಯಾರಿಗೂ ಹೀಗೇ ಮಾಡಿ ಎನ್ನುವುದಿಲ್ಲ. "ನಿಮ್ಮ ಮನ್ಯಾಗ ಏನೈತಿ ಹೇಳ್ರಿ" ಎಂದು ಮೊದಲು ಕೇಳುತ್ತಾರೆ. ನುಗ್ಗೆಸೊಪ್ಪು ಇಲ್ಲವೇ, ಮೂಲಂಗಿಯ ಸೊಪ್ಪು ಬಿಸಾಡಬೇಡಿ ಎನ್ನುತ್ತಾರೆ. ಬೇಕಾದ ಬಣ್ಣದ ರೇಷ್ಮೆ ಸಿಗದಾಗ ಅದರ ಹತ್ತಿರದ ಬಣ್ಣ ಹುಡುಕಿ ಸೀರೆ ಕೆಡದಂತೆ ನೇಯ್ದು ಅಭ್ಯಾಸವಿರುವ ಮನುಷ್ಯ.

ಹೋದ ವಾರ ಮಗಳು ರಜೆಗೆ ಬಂದಿದ್ದಳು. ಅವಳಿಗಾಗಿ ಸಜ್ಜೆ ಹಿಟ್ಟಿನ ಕಡುಬು ಮಾಡಲು ಹೊರಟರು. ಮೈದಾ ಬೇಡ ಎಂದು ಹಟ. ಹೂರಣಕ್ಕೆ ಬೆಲ್ಲ ಕಾಲುಭಾಗಕ್ಕೆ ಇಳಿಸಿ ಉತ್ತತ್ತಿ ಕುಟ್ಟಿ ಹಾಕಿದರು. ನನಗೆ ಒಂದೇ ಒಂದು ಎಂದು ಮೊದಲೇ ಹೇಳಿಬಿಟ್ಟಿದ್ದರು. ಆವಿಯಲ್ಲಿ ಬೇಯುವಾಗ ಕಡುಬೆಲ್ಲ ಬಾಯಿ ಬಿಟ್ಟು, ಹೂರಣ ಹೊರಗೆ ಬಂದು, ಪಾತ್ರೆಯ ತುಂಬ ಒಂದೇ ಮುದ್ದೆ. ಮಗಳು ಚಮಚ ತಂದು ಎಲ್ಲರ ತಟ್ಟೆಗೂ ಹಾಕಿದಳು. ಹಾಗೇ ತಿಂದೆವು. ರುಚಿ ಚೆನ್ನಾಗಿತ್ತು.

"ಒಂದು ಹಿಡಿ ಗೋಧಿ ಹಿಟ್ಟು ಕೂಡಿಸಿದ್ರ ಒಡಿತಿದ್ದಿಲ್ಲ" ಎಂದರು ಅತ್ತೆ.

"ಮೊದಲ ಯಾಕ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದಿ?"

ಅವರು ಕೈ ತೊಳೆದುಕೊಂಡು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕೆರೆದು ಅತ್ತೆಯ ತಟ್ಟೆಗೆ ಹಾಕಿ, ಒಂದು ಹಿಡಿ ಅಂದರೆ ನಿನ್ನ ಕೈಯದೋ ನನ್ನ ಕೈಯದೋ ಎಂದು ಕೇಳುತ್ತ ಅವರ ಪಕ್ಕದಲ್ಲಿ ಕೂತರು.